ಏಳು ಮಡಕೆ ನೊರಜು

ಮಡಕೆ ತೆರೆಯುವ ದಿನ ನಮ್ಮೂರಿನಲ್ಲಿ ಯಾರೂ ಚೌಕಡಿ ಲುಂಗಿ ಉಡುವುದಿಲ್ಲ. ಹೆಂಗಸರು ಅಂಗಳಕ್ಕೆ ನೀರು ಚಿಮುಕಿಸಿ ಅಷ್ಟಕ್ಕೇ ಬಿಡುತ್ತಾರೆ, ರಂಗೋಲಿ ಎಳೆಯುವುದಿಲ್ಲ. ಶಾಲೆಯ ಮಾಸ್ತರರು ಆ ದಿನ ರೇಖಾಗಣಿತ ಬಿಟ್ಟು ಪದ್ಯ ಬಾಯಿಪಾಠ ಮಾಡಿಸುತ್ತಾರೆ. ಎಲ್ಲ ಮನೆಯ ಕಿಟಕಿಗಳ ಮೇಲೂ ಹಳೆಯ ಸೀರೆಯೋ ಚಾದರವೋ ಇಳಿಬಿದ್ದಿರುತ್ತದೆ. ಒಮ್ಮೆ ಪರವೂರಿನ ಬಳೆಗಾರನೊಬ್ಬ ಇದೊಂದೂ ತಿಳಿಯದೆ ದೊಡ್ಡ ಚೌಕಡಿಯ ಅಂಗಿ ತೊಟ್ಟು ಪೇಟೆಗೆ ಬಂದ. ಚಾವಡಿಯ ಬಾಗಿಲ ಸಂದಿಯಿಂದ ತಪ್ಪಿಸಿಕೊಂಡ ಒಂದಿಷ್ಟು ನೊರಜು ಹೋಗಿ ಅವನ ಬೆನ್ನ ಮೇಲೆ ಸಾಲಾಗಿ ಕೂತವು. ಪಾಪ, ಅಲುಗಾಡಲು ಹೆದರಿ ಮಧ್ಯಾಹ್ನದವರೆಗೆ ಬಾವಿಕಟ್ಟೆಯ ಮೇಲೆ ಕೂತಿದ್ದ. ನಾವು ಅವನಿಗೆ ಮಜ್ಜಿಗೆ ಕೊಟ್ಟೆವು, ಹೊಟ್ಟೆ ಹಿಡಿದುಕೊಂಡು ನಕ್ಕೆವು, ನೊರಜನ್ನು ಬೀಸಣಿಗೆಯಿಂದ ಓಡಿಸಿದೆವು. ಅವು ಅಲ್ಲೇಕೆ ಕೂತವೆಂದು ಯಾರೂ ಕೇಳಲಿಲ್ಲ. ಕೇಳಬೇಕಾಗಿದ್ದವಳು ನಾನು, ನಾನೂ ಕೇಳಲಿಲ್ಲ.

ನನ್ನ ಹೆಸರು ತಂಗೆವ್ವ. ಮಡಕೆ ಕಾಯುವುದು ನನ್ನ ಕೆಲಸ. ಅತ್ತೆ ತೀರಿಕೊಂಡ ವರ್ಷ ಅದು ನನ್ನ ಕೊರಳಿಗೆ ಬಿತ್ತು, ಈಗ ಇಪ್ಪತ್ತೈದು ವರ್ಷವಾಯಿತು. ಮಡಕೆಗಳು ಏಳು, ಒಂದೊಂದೂ ನೀರಿನ ಕೊಡದಷ್ಟು ದೊಡ್ಡದು, ಬಾಯಿಗೆ ತೆಳುಬಟ್ಟೆ ಕಟ್ಟಿದ್ದು. ಒಳಗೆ ನೊರಜು. ಎಷ್ಟು ಸಾವಿರವೆಂದು ಲೆಕ್ಕ ಹಾಕಿದವರಿಲ್ಲ. ಬೆಳಿಗ್ಗೆ ಬೆಲ್ಲದ ನೀರು, ಸಂಜೆ ಕಳಿತ ಬಾಳೆಹಣ್ಣು, ಇಷ್ಟಾದರೆ ಅವುಗಳಿಗೆ ಸಾಕು. ಖರ್ಚು ಕಡಿಮೆ, ಜಂಬ ಜಾಸ್ತಿ. ನನ್ನ ಬಗ್ಗೆಯೂ ಊರು ಅದನ್ನೇ ಅನ್ನುತ್ತದೆ. ನಮ್ಮದು ಕಿಟಕಿಯ ಊರು. ಬೇರೆಯವರು ಬೆಲ್ಲವನ್ನೋ ಎಣ್ಣೆಯನ್ನೋ ಮಾರಿ ಬದುಕಿದರೆ ನಾವು ಸಾಗುವಾನಿಯ ಜಾಲರಿ ಕಿಟಕಿ ಮಾಡಿ ಮಾರುತ್ತೇವೆ. ಮನೆಗೊಬ್ಬ ಬಡಿಗ, ಓಣಿಗೊಂದು ಗರಗಸದ ಸದ್ದು. ನನಗೆ ಮಾತ್ರ ಒಂದು ಗೆರೆ ನೆಟ್ಟಗೆ ಎಳೆಯಲು ಬರುವುದಿಲ್ಲ. ಎಳೆಯಲು ಬಾರದವರೇ ಮಡಕೆ ಕಾಯಬೇಕೆಂಬುದು ಊರಿನ ಕಟ್ಟಳೆ. ಎಳೆಯಲು ಬರುವವರಿಗೆ ತಮ್ಮದೊಂದು ಆಸೆ ಇರುತ್ತದಲ್ಲ.

ನೊರಜಿಗೆ ಒಂದು ಆಕಾರ ತೋರಿಸಿದರೆ ಅವು ಅದನ್ನು ಹುಡುಕುತ್ತವೆ. ಅಂಗೈಯಷ್ಟು ಹಲಗೆಯ ಮೇಲೆ ಬೆಲ್ಲದ ಪಾಕದಿಂದ ಆಕಾರ ಬರೆಸಿ ಮಡಕೆಯೊಳಗೆ ಇಳಿಬಿಡುತ್ತೇನೆ. ಸ್ವಲ್ಪ ಹೊತ್ತು ಅವು ಪಾಕದ ಗೆರೆಯನ್ನು ಮುತ್ತಿಕೊಂಡು ರುಚಿ ನೋಡುತ್ತವೆ. ಆಮೇಲೆ ಬಾಯಿಬಟ್ಟೆ ಬಿಚ್ಚಿದರೆ ಸಾಕು. ನಕ್ಷೆ ಚಾವಡಿಯ ಕರಿಕಲ್ಲಿನ ನೆಲದ ಮೇಲೆ ಕಿಟಕಿಯ ನಕ್ಷೆಯನ್ನು ಹತ್ತು ಮೊಳ ಅಗಲಕ್ಕೆ ಸುಣ್ಣದಲ್ಲಿ ಬರೆದಿರುತ್ತಾರೆ. ನೊರಜು ಮೊದಲು ಚೆಲ್ಲಾಪಿಲ್ಲಿಯಾಗಿ ಹಾರುತ್ತವೆ, ಒಂದೊಂದು ಒಂದೊಂದು ಮೂಲೆಗೆ. ತುಸು ಹೋಲುವ ಜಾಗ ಯಾವುದಕ್ಕೆ ಸಿಕ್ಕಿತೋ ಅದರ ದನಿ ಕೊಂಚ ತಗ್ಗುತ್ತದೆ. ಪಕ್ಕದವು ಅದನ್ನು ಕೇಳಿ ಅತ್ತ ಒಂದು ಗೇಣು ವಾಲುತ್ತವೆ, ಹಾಗೆಂದು ತಾವು ಕಂಡ ಜಾಗವನ್ನೂ ಪೂರಾ ಬಿಟ್ಟುಕೊಡುವುದಿಲ್ಲ. ತನ್ನದಕ್ಕೂ ಪಕ್ಕದ್ದಕ್ಕೂ ನಡುವೆ ತೂಗಿ, ಮತ್ತೆ ಹಾರಿ, ಮತ್ತೆ ವಾಲಿ, ಕೊನೆಗೆ ಇಡೀ ಚಾವಡಿಯ ಸದ್ದು ಒಂದೇ ಶ್ರುತಿಗೆ ಇಳಿಯುತ್ತದೆ. ಆಗ ಅವು ಬಿಳಿ ಗೆರೆಯ ಮೇಲೆ ಕಪ್ಪು ಗೆರೆಯಾಗಿ ಕೂರುತ್ತವೆ. ಹುಡುಕಿದ್ದು ದೊಡ್ಡದಿರಲಿ, ಚಿಕ್ಕದಿರಲಿ, ತಲೆಕೆಳಗಾಗಿರಲಿ, ಅವುಗಳ ಕಣ್ಣಿಗೆ ತಪ್ಪುವುದಿಲ್ಲ. ಆ ಹೊತ್ತಿಗೆ ಪ್ರತಿ ಸಲವೂ ನನ್ನ ಮೈ ಜುಮ್ಮೆನ್ನುತ್ತದೆ. ಒಂದು ನೊರಜಿಗೆ ಬುದ್ಧಿಯೆಂಬುದು ಎಷ್ಟಿದ್ದೀತು, ಸಾಸಿವೆಯ ಸಿಪ್ಪೆಯಷ್ಟೂ ಇರಲಿಕ್ಕಿಲ್ಲ. ಅವೆಲ್ಲ ಕೂಡಿದರೆ ನಮ್ಮ ಹಿರಿಯ ಬಡಿಗರಿಗೂ ಕಾಣದ್ದು ಕಾಣುತ್ತದೆ. ಅವು ಕೂತ ಕೂಡಲೇ ಲೋಬಾನದ ಹೊಗೆ ಹಾಕಿ ಮಡಕೆಗೆ ವಾಪಸು ಕರೆಯಬೇಕು. ಇದು ನನಗೆ ಅತ್ತೆ ಕಲಿಸಿದ್ದು, ಅತ್ತೆಗೆ ಅವರ ಅತ್ತೆ ಕಲಿಸಿದ್ದು.

ನಮ್ಮಲ್ಲಿ ಪ್ರತಿ ಬಡಿಗರ ಮನೆಗೂ ಒಂದು ಆಕಾರ ಸ್ವಂತ. ಅದಕ್ಕೆ ಮನೆಗುರುತು ಎನ್ನುತ್ತೇವೆ. ಆ ಮನೆಯವರು ಮಾಡುವ ಕಿಟಕಿಯಲ್ಲಿ ಎಲ್ಲಾದರೂ ಒಂದು ಕಡೆ ಅದು ಇದ್ದೇ ಇರುತ್ತದೆ. ಒಬ್ಬರ ಗುರುತು ಇನ್ನೊಬ್ಬರ ಕಿಟಕಿಯಲ್ಲಿ ಸಿಕ್ಕಿತೋ, ಅದು ಕಳವು. ಕದ್ದವರ ಕೈಯಿಂದ, ನಕ್ಷೆಯ ಮೂಲೆ ಅಳೆಯುವ ಮೂಲೆಮಟ್ಟವನ್ನು ತೆಗೆದುಕೊಂಡುಬಿಡುತ್ತಾರೆ. ಅಂಥವರು ಮುಂದೆ ಹಲಗೆ ಕೊಯ್ಯಬಹುದು, ನಯ ಮಾಡಬಹುದು, ಮೊಳೆ ಹೊಡೆಯಬಹುದು. ತಮ್ಮದೊಂದು ಕಿಟಕಿ ಬರೆಯುವಂತಿಲ್ಲ, ಸಾಯುವವರೆಗೆ. ತೀರ್ಮಾನ ನೊರಜಿನದು. ದೂರು ಕೊಟ್ಟವರ ಗುರುತನ್ನು ಮಡಕೆಗೆ ತೋರಿಸಬೇಕು, ದೂರಿಗೆ ಒಳಗಾದವರ ನಕ್ಷೆಯನ್ನು ನೆಲಕ್ಕೆ ಬರೆಯಬೇಕು, ಬಾಗಿಲು ಹಾಕಿ ಒಂದೇ ಒಂದು ಮಡಕೆ ತೆರೆಯಬೇಕು. ಇಪ್ಪತ್ತೈದು ವರ್ಷದಲ್ಲಿ ನಾನು ಹದಿನಾಲ್ಕು ಸಲ ಹೀಗೆ ತೆರೆದಿದ್ದೆ. ಹದಿನಾಲ್ಕು ಸಲವೂ ನೊರಜು ಕೂತಿದ್ದವು. ನನ್ನ ನೊರಜು ಒಮ್ಮೆಯೂ ಬರಿದೇ ಮರಳಿಲ್ಲವೆಂದು ಬಾವಿಕಟ್ಟೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ.

ಹದಿನೈದನೆಯ ಸಲ ದೂರು ಬಂದದ್ದು ಗುರುಬಾಯಿಯ ಮೇಲೆ. ಗುರುಬಾಯಿ ಮಾನಪ್ಪನ ಮಗಳು, ಮೂವತ್ತು ದಾಟಿದವಳು. ಗಂಡ ಬದುಕಿರುವಾಗ ಅವನ ಜೊತೆ ಹಲಗೆ ಹಿಡಿಯುತ್ತಿದ್ದಳು, ಅವನು ಹೋದ ಮೇಲೆ ತಾನೇ ಕಿಟಕಿ ಬರೆಯಲು ಕೂತಳು. ಅಪ್ಪ ಅವಳಿಗೆ ಒಂದು ಗೆರೆಯನ್ನೂ ಕಲಿಸಲಿಲ್ಲ. ಕಲಿಸುವಂತೆಯೂ ಇರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಮಾನಪ್ಪನ ಮೂಲೆಮಟ್ಟ ಹೋಗಿತ್ತು, ನನ್ನದೇ ಮಡಕೆಯಿಂದ. ಅಂದಿನಿಂದ ಅವನು ನಾಗಲಿಂಗಪ್ಪನವರ ಕಾರ್ಖಾನೆಯಲ್ಲಿ ಹಲಗೆ ನಯ ಮಾಡಿಕೊಂಡಿದ್ದ. ಮಗಳು ಅಂಗಳದಲ್ಲಿ ಬಿದ್ದ ಕಿಟಕಿಯ ನೆರಳುಗಳನ್ನು ನೋಡಿ ನೋಡಿ ಕಲಿತಳು. ಯಾರ ಹಾಗೂ ಬರೆಯುತ್ತಿರಲಿಲ್ಲ. ಅವಳು ಮೊದಲು ಬಿಸಿಲು ಎಲ್ಲಿ ಬೀಳಬೇಕೆಂದು ನೆಲದ ಮೇಲೆ ಗುರುತು ಹಾಕುತ್ತಿದ್ದಳು, ಆಮೇಲೆ ಅಲ್ಲಿಂದ ಹಿಂದಕ್ಕೆ ಮರದ ಕಡೆ ಬರುತ್ತಿದ್ದಳು. ಆ ವರ್ಷ ಊರಿನ ಹೆರಿಗೆ ಮನೆಗೆ ದೊಡ್ಡ ಕಿಟಕಿ ಬರೆಯುವ ಕೆಲಸ ಅವಳಿಗೆ ಸಿಕ್ಕಿತು. ಬೆಳಗಿನ ಬಿಸಿಲು ಬಾಣಂತಿಯ ಮುಖಕ್ಕೆ ಹೊಡೆಯಬಾರದು, ತೊಟ್ಟಿಲಿನ ಕಾಲಬಳಿ ಹರಿದಾಡಿಕೊಂಡಿರಬೇಕು ಎಂದು ಎರಡು ತಿಂಗಳು ತಲೆ ಕೆಡಿಸಿಕೊಂಡು ಬರೆದಳು. ಆ ನಕ್ಷೆಯನ್ನು ಜನ ಮತ್ತೆ ಮತ್ತೆ ಬಂದು ನೋಡಿದರು. ನಾಗಲಿಂಗಪ್ಪನವರು ಮಾತ್ರ ಬಗ್ಗಿ ನೋಡಿ, ಇದರಲ್ಲಿ ನಮ್ಮ ಮೊರ ಇದೆ ಎಂದರು.

ನಾಗಲಿಂಗಪ್ಪನವರದು ಊರಿನ ದೊಡ್ಡ ಮನೆ. ಅವರ ಗುರುತು ಮೊರ. ಕೇರುವ ಮೊರದ ಹಾಗೆಯೇ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಮೂರು ಬದಿ ಒಂದೇ ಅಳತೆ, ನಾಲ್ಕನೆಯದು ಅದರ ಎರಡರಷ್ಟು. ಮಾನಪ್ಪನ ಕಿಟಕಿಯಲ್ಲಿ ಅಂದು ಸಿಕ್ಕಿದ್ದೂ ಇದೇ ಮೊರ, ದೂರು ಕೊಟ್ಟವರು ಇವರ ಅಪ್ಪ. ನಾಗಲಿಂಗಪ್ಪನವರು ಕೆಟ್ಟ ಮನುಷ್ಯರಲ್ಲ. ಕಸುಬು ಹೋದ ಮಾನಪ್ಪನಿಗೆ ಕೆಲಸ ಕೊಟ್ಟವರು ಅವರೇ, ಹಬ್ಬಕ್ಕೆ ಅಂಗಿಬಟ್ಟೆ ಕೊಡುತ್ತಿದ್ದವರೂ ಅವರೇ. ಆದರೆ ಮೊರದ ವಿಷಯ ಬಂದರೆ ಅವರಿಗೆ ಕಣ್ಣು ಕಿವಿ ಎರಡೂ ಹೋಗುತ್ತಿದ್ದವು.

ಡಂಗುರ ಸಾರಿದರು. ಮರುದಿನ ಕಿಟಕಿಗಳ ಮೇಲೆ ಬಟ್ಟೆ ಇಳಿಬಿದ್ದವು. ಚಾವಡಿಯಲ್ಲಿ ಗೋಡೆಗೆ ಒತ್ತಿಕೊಂಡು ಜನ ನಿಂತರು. ನಾನು ಹಲಗೆ ಇಳಿಬಿಟ್ಟು, ಬಾಯಿಬಟ್ಟೆ ಬಿಚ್ಚಿದೆ. ಗುರುಬಾಯಿಯ ನಕ್ಷೆಯ ಮೇಲೆ ನೊರಜು ಹಾರಿದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಷ್ಟು ಗೆರೆ, ಅಷ್ಟು ದಾಟು, ಅವು ಎಲ್ಲಿಯೂ ಗೊಂದಲ ಮಾಡಿಕೊಳ್ಳಲಿಲ್ಲ. ಒಂದು ಹಿಡಿ ಎಡಮೂಲೆಗೆ, ಒಂದು ಹಿಡಿ ನಡುವಿಗೆ, ಅಲ್ಲಿಂದ ಸದ್ದು, ಇಲ್ಲಿಂದ ಮರುಸದ್ದು. ಎಲೆಅಡಿಕೆ ಹಾಕಿಕೊಂಡು ಉಗುಳುವಷ್ಟು ಹೊತ್ತು ಆಗಿರಲಿಕ್ಕಿಲ್ಲ, ನಡುಭಾಗದ ಎಡಕ್ಕೆ ಕಪ್ಪಗೆ ಕೂತವು. ಮೊರ. ತಲೆಕೆಳಗಾದ, ನೂರು ಗೆರೆಗಳ ನಡುವೆ ಹುದುಗಿದ, ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಿಲ್ಲದ ಮೊರ. ನಾನು ಹೊಗೆ ಹಾಕಿದೆ.

ಗುರುಬಾಯಿ ಅಳಲಿಲ್ಲ. ಒದ್ದೆ ಬಟ್ಟೆ ತೆಗೆದುಕೊಂಡು ಆ ಭಾಗವನ್ನು ಒರೆಸಿದಳು, ಸುಣ್ಣದ ನೂಲು ಹಿಡಿದು ಎಲ್ಲರ ಎದುರಿಗೆ ಮತ್ತೆ ಗೆರೆ ಹೊಡೆಯತೊಡಗಿದಳು. ಒಂದೊಂದು ಗೆರೆ ಏಕೆಂದು ಹೇಳುತ್ತಾ ಹೊಡೆದಳು. ಇದೊಂದು ದೊಡ್ಡ ತ್ರಿಕೋನ, ಮೂರೂ ಬದಿ ಸಮ, ಚೌಕಟ್ಟು ಜೋಲದಿರಲೆಂದು. ಇದು ಅದರ ಸೊಂಟದ ಮೇಲೆ ಹಾದುಹೋಗುವ ಅಡ್ಡಪಟ್ಟಿ, ಎಂಟು ಗಂಟೆಯ ಬಿಸಿಲನ್ನು ತಡೆಯಲೆಂದು, ಈ ತುದಿಯಿಂದ ಆ ತುದಿಯವರೆಗೆ. ಅಷ್ಟೇ. ಎರಡೇ ಕೆಲಸ. ನೋಡಿದರೆ ಅಡ್ಡಪಟ್ಟಿಯ ಒಂದು ಬದಿಗೆ ಪುಟ್ಟ ತ್ರಿಕೋನ ಉಳಿದಿತ್ತು, ಇನ್ನೊಂದು ಬದಿಗೆ ಮೊರ ಕೂತಿತ್ತು.

"ಮೊರ ನಾ ಎಳದಿಲ್ರಿ. ಅದು ತಾನ ಬಂದು ನಿಂತೈತಿ" ಎಂದಳು.

ನಾಗಲಿಂಗಪ್ಪನವರು, ನೊರಜು ಕೂತಾಯಿತಲ್ಲ, ಇನ್ನು ಮಾತೇನು ಎಂದರು. ಹಿರಿಯರು ತಲೆಯಾಡಿಸಿದರು. ಆಗ ಗೋಡೆಯ ಬಳಿಯಿಂದ ಮಾನಪ್ಪ ಮುಂದೆ ಬಂದ. ಮೈತುಂಬ ಮರದ ಪುಡಿ, ಕೆಲಸದಿಂದ ನೇರ ಬಂದಿದ್ದ. ಮಗಳ ಪರವಾಗಿ ಮಾತಾಡುತ್ತಾನೆಂದು ನಾನು ಅಂದುಕೊಂಡೆ. ಅವನು ಅವಳ ಕೈಯಿಂದ ನೂಲನ್ನು ಮೆಲ್ಲಗೆ ಬಿಡಿಸಿಕೊಂಡ.

"ಹಠಾ ಮಾಡಬ್ಯಾಡ ಮಗಳ. ನಮಗ ಗೊತ್ತಿಲ್ದಂಗ ಕೈ ತಗೋತೈತಿ. ನೊರಜು ಸುಳ್ಳ ಹೇಳೂದಿಲ್ಲ."

ಗುರುಬಾಯಿಗೆ ಅಲ್ಲಿಯವರೆಗೆ ಇದ್ದ ಧೈರ್ಯ ಅಲ್ಲಿ ಕುಸಿಯಿತು. ಅಪ್ಪನ ಮುಖವನ್ನೇ ನೋಡುತ್ತಾ ನಿಂತಳು. ಮೂರನೆಯ ದಿನ ಬೆಳಿಗ್ಗೆ ಮೂಲೆಮಟ್ಟ ತಂದೊಪ್ಪಿಸಬೇಕು, ಹೆರಿಗೆ ಮನೆಯ ಕಿಟಕಿ ಬೇರೆಯವರಿಗೆ ಎಂದು ತೀರ್ಮಾನವಾಯಿತು. ನಾನು ಮಡಕೆ ಹೊತ್ತುಕೊಂಡು ಮನೆಗೆ ಬಂದೆ. ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಅಡ್ಡಪಟ್ಟಿ ನನ್ನ ತಲೆಯಿಂದ ಹೋಗಲಿಲ್ಲ. ಎರಡು ಕೆಲಸ ಮಾಡಿದರೆ ಮೂರನೆಯದೊಂದು ಕೇಳದೆ ಬಂದು ನಿಲ್ಲುವುದು ಎಂದರೇನು? ಊಟಕ್ಕೆ ಕೂತರೂ ಅದೇ, ಪಾತ್ರೆ ತೊಳೆದರೂ ಅದೇ.

ಮರುದಿನ ಮಧ್ಯಾಹ್ನ ನಾನು ಮಾಡಬಾರದ್ದನ್ನು ಮಾಡಿದೆ. ಮನೆಯ ಬಾಗಿಲು ಹಾಕಿ, ಮೊರದ ಹಲಗೆ ಇಳಿಬಿಟ್ಟು, ಅದೇ ಮಡಕೆ ತೆರೆದೆ. ನೆಲದ ಮೇಲೆ ನನ್ನ ಸೊಟ್ಟ ಕೈಯಿಂದಲೇ ಒಂದು ತ್ರಿಕೋನ, ಒಂದು ಅಡ್ಡಗೆರೆ ಎಳೆದಿಟ್ಟಿದ್ದೆ, ನೋಡೋಣವೆಂದು. ನೊರಜು ನನ್ನ ಗೆರೆಯನ್ನು ಮೂಸಿಯೂ ನೋಡಲಿಲ್ಲ, ಅಷ್ಟು ಸೊಟ್ಟಗಿತ್ತು. ನೇರ ಹೋಗಿ ಹೊರಸಿನ ಹಗ್ಗದ ಹೆಣಿಗೆಯ ಮೇಲೆ ಕೂತವು. ಕಣ್ಣು ಕಿರಿದು ಮಾಡಿ ನೋಡಿದೆ, ಮೊರ. ಲೋಬಾನದ ಡಬ್ಬಿಗೆ ಕೈ ಹಾಕಿದರೆ ಅದು ಖಾಲಿ. ಹಿಂದಿನ ದಿನವೇ ಮುಗಿದಿತ್ತು, ತರಿಸಲು ಮರೆತಿದ್ದೆ. ಏನು ಮಾಡುವುದು, ಸುಮ್ಮನೆ ಕೂತು ಕಾದೆ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ, ಕೂತ ನೊರಜನ್ನು ಕರೆಯದೆ ಕಾದೆ.

ಅವು ಎದ್ದವು. ಹೊರಸಿನಿಂದ ಎದ್ದು ಒಂದು ಸುತ್ತು ಹಾರಿ ಜರಡಿಯ ತಂತಿಯ ಮೇಲೆ ಕೂತವು, ಬೆರಳಿನಷ್ಟು ಮೊರ. ಮತ್ತೆ ಎದ್ದವು. ಗೋಡೆಯ ಮೇಲೆ ಬಿದ್ದ ಕಿಟಕಿಯ ನೆರಳಿನಲ್ಲಿ ಕೂತವು, ಅಲ್ಲಿ ಆಳುದ್ದದ ಮೊರ. ಮಡಿಸಿಟ್ಟ ಸೀರೆಯ ಅಂಚಿನಲ್ಲಿ, ಛಾವಣಿಯ ತೊಲೆಗಳು ಕೂಡುವಲ್ಲಿ, ಏಣಿಯನ್ನು ಗೋಡೆಗೆ ಒರಗಿಸಿದ ಸಂದಿನಲ್ಲಿ. ನಾನು ಹುಟ್ಟಿ ಬೆಳೆದು ಮುದುಕಿಯಾದ ಈ ಲೋಕದಲ್ಲಿ ಅಷ್ಟು ಮೊರಗಳಿದ್ದವೆಂದು ನನಗೆ ಗೊತ್ತೇ ಇರಲಿಲ್ಲ. ಎಷ್ಟು ಹೊತ್ತು ಬಾಯಿ ತೆರೆದು ಕೂತಿದ್ದೆನೋ. ಹಸಿವಾದ ಮೇಲೆ ಅವೇ ಬಾಳೆಹಣ್ಣಿನ ವಾಸನೆಗೆ ಮಡಕೆಗೆ ಇಳಿದವು. ಆಮೇಲೆ ನಾನು ಲೆಕ್ಕ ಹಾಕತೊಡಗಿದೆ. ಹದಿನೈದು ಸಲ ತೆರೆದಿದ್ದೆ, ಹದಿನೈದು ಸಲವೂ ಕೂತಿದ್ದವು. ಎಲ್ಲಿ ಬಿಟ್ಟರೂ ಕೂರುತ್ತಿದ್ದವು. ಊರಿನ ಕಿಟಕಿಗಳಿಗೆಲ್ಲ ಬಟ್ಟೆ ಹೊದಿಸಿ, ರಂಗೋಲಿ ಅಳಿಸಿ, ಲುಂಗಿ ಬದಲಿಸಿ, ಒಬ್ಬರ ನಕ್ಷೆಯನ್ನು ಮಾತ್ರ ಬಿಚ್ಚಿಟ್ಟು, ನೋಡಿರಿ ಇಲ್ಲಿಯೇ ಕೂತವು ಎಂದು ಹೇಳುತ್ತಿದ್ದವರು ನಾವು. ಹೇಳುತ್ತಿದ್ದವಳು ನಾನು.

ಚಾವಡಿಗೆ ಹೋಗಿ ಹಿರಿಯರಿಗೆ ಹೇಳಬಹುದಿತ್ತು. ಮುದುಕಿಗೆ ಅರಳುಮರಳು ಎನ್ನುತ್ತಿದ್ದರು. ಹೇಳದೆಯೂ ಇರಬಹುದಿತ್ತು, ಅದು ಇನ್ನೂ ಸುಲಭ. ಆ ಆಸೆ ನನಗೆ ಆಗಲಿಲ್ಲವೆಂದರೆ ಸುಳ್ಳಾದೀತು. ಮಡಕೆ ಹೋದರೆ ನನಗೆ ಈ ಊರಿನಲ್ಲಿ ಏನು ಮರ್ಯಾದೆ ಉಳಿಯುತ್ತದೆ? ಆದರೆ ಮಗಳ ಕೈಯಿಂದ ನೂಲು ಬಿಡಿಸಿಕೊಂಡ ಮಾನಪ್ಪನ ಮುಖ ಕಣ್ಣಮುಂದೆ ಬಂದು ಕೂತಿತ್ತು. ನಾನು ನಮ್ಮ ಓಣಿಯ ಹೆಂಗಸರನ್ನು ಕರೆದು, ನಾಳೆ ಬೆಳಿಗ್ಗೆ ಆರು ಜನ ಒಂದೊಂದು ಮಡಕೆ ಹೊರಬೇಕು, ಏಕೆಂದು ಕೇಳಬಾರದು ಎಂದೆ. ಅವರು ಏಕೆಂದು ಕೇಳಿದರು. ಹೇಳಿದೆ. ಯಾರು ಯಾವ ಕಡೆ ಹೋಗುವುದೆಂದು ಅವರೇ ಗೊತ್ತುಮಾಡಿಕೊಂಡರು.

ಏಳು ಮಡಕೆಯನ್ನು ಒಮ್ಮೆಲೇ ತೆರೆಯುವುದನ್ನು ಅತ್ತೆ ಕಂಡಿರಲಿಲ್ಲ. ಒಂದೇ ಕೋಣೆಯಲ್ಲಿ ತೆರೆದರೆ ಒಂದರ ಸದ್ದಿಗೆ ಇನ್ನೊಂದು ಜಾರಿ, ಎಲ್ಲವೂ ಮೊದಲು ಸಿಕ್ಕಿದ ಜಾಗಕ್ಕೇ ಗುಂಪಾಗುತ್ತವೆ ಎಂದು ಮಾತ್ರ ಹೇಳಿದ್ದರು. ಅದಕ್ಕೇ ಏಳು ಮಡಕೆಗೂ ಮೊರದ ಹಲಗೆ ತೋರಿಸಿ, ದೂರ ದೂರ ಇಡಿಸಿದೆ. ಒಂದು ಪೇಟೆಯಲ್ಲಿ, ಒಂದು ಶಾಲೆಯ ಹಿತ್ತಿಲಲ್ಲಿ, ಒಂದು ಹಳೆಯ ಬಾವಿಯ ಹತ್ತಿರ, ಒಂದು ಮಸೀದಿಯ ಓಣಿಯಲ್ಲಿ, ಒಂದು ಬಡಿಗರ ಸಾಲಿನಲ್ಲಿ, ಒಂದು ಕೆರೆಯ ದಂಡೆಯಲ್ಲಿ. ಏಳನೆಯದನ್ನು ನಾನೇ ಚಾವಡಿಯ ಮೆಟ್ಟಿಲ ಮೇಲೆ ಇಟ್ಟೆ. ಒಳಗೆ ಹಿರಿಯರು ಕೂತಿದ್ದರು, ಗುರುಬಾಯಿ ಮೂಲೆಮಟ್ಟವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಡಂಗುರ ಇಲ್ಲ, ಬಟ್ಟೆ ಇಲ್ಲ. ಊರು ತನ್ನ ಎಲ್ಲ ಗೆರೆಗಳೊಂದಿಗೆ ಬಿಸಿಲಿಗೆ ಬಿಚ್ಚಿಕೊಂಡಿತ್ತು. ಶಾಲೆಯ ಗಂಟೆ ಹೊಡೆದಾಗ ನಾವು ಏಳು ಜನ ಏಳು ಬಟ್ಟೆ ಬಿಚ್ಚಿದೆವು.

ಮೊದಲು ಕೂತದ್ದು ಪೇಟೆಯಲ್ಲಿ, ಚೌಕಡಿ ಲುಂಗಿಗಳ ಓರೆ ನೆರಿಗೆಗಳ ಮೇಲೆ. ಗಂಡಸರು ಹೌಹಾರಿ ಅಂಗಡಿಗಳಿಗೆ ನುಗ್ಗಿದರಂತೆ. ಆಮೇಲೆ ಕಿಟಕಿಗಳು. ಒಂದು ಕಿಟಕಿಯ ಮೇಲೆ ಕಪ್ಪು ಮೊರ ಮೂಡುತ್ತಿತ್ತು, ಉಸಿರು ಬಿಡುವಷ್ಟು ಹೊತ್ತು ನಿಂತು ಕರಗುತ್ತಿತ್ತು, ಪಕ್ಕದ ಮನೆಯ ಕಿಟಕಿಯ ಮೇಲೆ ಮೂಡುತ್ತಿತ್ತು. ನಡುನಡುವೆ ನಾಲ್ಕೈದು ನೊರಜು ಒಂದು ಹಿಂಡಿನಿಂದ ಇನ್ನೊಂದಕ್ಕೆ ಓಡಾಡುತ್ತಿದ್ದವು. ಶಾಲೆಯ ಕಡೆಯವು ಕಂಡದ್ದು ಬಾವಿಯ ಕಡೆಯವಕ್ಕೆ ಅರೆಗಳಿಗೆಯಲ್ಲಿ ಗೊತ್ತಾಗುತ್ತಿತ್ತು, ಅವೂ ಆ ದಿಕ್ಕಿಗೆ ಕೊಂಚ ವಾಲುತ್ತಿದ್ದವು, ಆದರೆ ತಮ್ಮ ಕೇರಿಯನ್ನು ಬಿಟ್ಟು ಓಡುತ್ತಿರಲಿಲ್ಲ. ಏಳು ಕಡೆ ಏಳು ಹುಡುಕಾಟ, ಊರ ಮೇಲೆಲ್ಲ ಒಂದೇ ಗುಂಯ್‌ಗುಡುವ ಸದ್ದು. ಎತ್ತ ನೋಡಿದರೂ ಮೊರ ಅರಳುತ್ತಿತ್ತು, ಅಳಿಯುತ್ತಿತ್ತು. ಅಂಗಳದ ರಂಗೋಲಿಯಲ್ಲಿ, ಗಾಡಿಯ ಚಕ್ರದ ಕೀಲುಗಳಲ್ಲಿ, ಮಸೀದಿಯ ಕಲ್ಲಿನ ಜಾಲರಿಯಲ್ಲಿ, ಬಡಿಗರ ಸಾಲಿನ ಪ್ರತಿ ಮನೆಯ ಪ್ರತಿ ಕಿಟಕಿಯಲ್ಲಿ. ಅಜ್ಜಿಯೊಬ್ಬಳು ತನ್ನ ಮುಂಗೈ ಹಚ್ಚೆಯ ಮೇಲೆ ಕೂತ ನೊರಜನ್ನು ಓಡಿಸದೆ ಕೈ ಚಾಚಿಕೊಂಡು ಮನೆಮನೆಗೆ ತೋರಿಸುತ್ತಾ ಹೊರಟಳು. ಜನ ಬಾಗಿಲಿಗೆ ಬಂದು ತಮ್ಮದೇ ಮನೆಯನ್ನು ಹೊಸಬರ ಹಾಗೆ ನೋಡುತ್ತಿದ್ದರು.

ನಾಗಲಿಂಗಪ್ಪನವರು ಚಾವಡಿಯಿಂದ ಧಾವಿಸಿ ಬಂದರು. ಮೊದಲು ಅವರಿಗೆ ಸಿಟ್ಟು ಬಂತು, ಆಮೇಲೆ ಒಂದು ಥರದ ಖುಷಿ. "ನೋಡ್ರಿ, ಊರಿಗೆ ಊರ ನಮ್ಮ ಮನಿದ ಕದ್ದೈತಿ" ಎಂದು ಬೀದಿಯಲ್ಲಿ ನಿಂತು ಕೂಗಿದರು. ಹಳೆಯ ಬಾವಿಯ ಮೆಟ್ಟಿಲುಗಳ ಮೇಲೆ ನೊರಜು ಕೂತಾಗ ಅವರ ದನಿ ಸ್ವಲ್ಪ ಇಳಿಯಿತು. ಆ ಬಾವಿ ಅವರ ಮನೆತನ ಈ ಊರಿಗೆ ಬರುವ ಮೊದಲೇ ಇತ್ತೆಂದು ಅವರೇ ನಮಗೆ ಎಷ್ಟೋ ಸಲ ಹೇಳಿದ್ದರು. ಅಷ್ಟರಲ್ಲಿ ಕೆರೆಯ ದಂಡೆಯ ಕಡೆಯಿಂದ ಸದ್ದು ಬದಲಾಯಿತು. ಉಳಿದ ಆರು ಹಿಂಡುಗಳೂ ಒಂದೊಂದಾಗಿ ಅತ್ತ ತಿರುಗಿದವು. ನಾವೆಲ್ಲ ಅವುಗಳ ಹಿಂದೆ ನಡೆದೆವು. ಹಿರಿಯರು, ಹೆಂಗಸರು, ಶಾಲೆಯ ಮಾಸ್ತರರು, ಗುರುಬಾಯಿ, ಯಾರೂ ಹಿಂದೆ ಉಳಿಯಲಿಲ್ಲ.

ಕೆರೆಯಾಚೆಗೆ ಒಂದು ಬಂಡೆಯಿದೆ, ಮೂರು ಮನೆಯಷ್ಟು ಎತ್ತರದ್ದು. ಅದಕ್ಕೆ ಯಾರೂ ಉಳಿ ಹಚ್ಚಿಲ್ಲ. ಬಿಸಿಲಿಗೂ ಚಳಿಗೂ ತಾನೇ ಬಿರಿದು ಮೈತುಂಬ ಸೀಳು. ದನ ಮೇಯಿಸುವವರು ಅದರ ನೆರಳಿನಲ್ಲಿ ಬುತ್ತಿ ಉಣ್ಣುತ್ತಾರೆ, ಅದಕ್ಕಿಂತ ಹೆಚ್ಚಿನ ಉಪಯೋಗ ಅದರಿಂದ ನಮಗಿರಲಿಲ್ಲ. ಏಳು ಮಡಕೆಯ ನೊರಜೂ ಅದರ ಮೇಲೆ ಇಳಿದವು. ಸೀಳುಗಳ ಗುಂಟ ಕಪ್ಪು ಗೆರೆ ಹರಿಯಿತು, ಒಂದು ಬದಿ, ಎರಡು, ಮೂರು, ಆಮೇಲೆ ಬುಡದಲ್ಲಿ ಉದ್ದನೆಯ ನಾಲ್ಕನೆಯದು. ಬಂಡೆಯ ತಲೆಯಿಂದ ಕಾಲಿನವರೆಗೆ ಒಂದೇ ಮೊರ. ಗುಂಯ್‌ ಸದ್ದು ಒಂದೇ ಶ್ರುತಿಗೆ ಇಳಿದು ನಿಂತಿತು. ಇಡೀ ಊರು ಅದರ ಕೆಳಗೆ ತಲೆಯೆತ್ತಿ ನಿಂತಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಏಕೆಂದು ಕೇಳಿದರೆ ಹೇಳಲಾರೆ. ದೇವರ ಮುಂದೆ ಹೋದಾಗಲೂ ನನಗೆ ಅಷ್ಟು ಚಿಕ್ಕವಳೆನಿಸಿರಲಿಲ್ಲ. ನಾಗಲಿಂಗಪ್ಪನವರು ತಲೆಯ ಪಟಗ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬಹಳ ಹೊತ್ತಿನ ಮೇಲೆ ಗುರುಬಾಯಿಯ ಕಡೆ ತಿರುಗಿ, ಹೆರಿಗೆ ಮನೆಯ ಕಿಟಕಿಗೆ ಎಂಥ ಮರ ಬೇಕು ಎಂದು ಕೇಳಿದರು. ಅವಳು ಸಾಗುವಾನಿ ಎಂದಳು. ಹಳೆಯದು ಇದೆ, ಕಳಿಸಿಕೊಡುತ್ತೇನೆ ಎಂದರು. ಮೂಲೆಮಟ್ಟದ ಮಾತನ್ನು ಯಾರೂ ಎತ್ತಲಿಲ್ಲ, ಅದು ಅವಳ ಸೆರಗಿನಲ್ಲಿಯೇ ಇತ್ತು.

ಜನ ಚದುರುವಾಗ ನಾನು ಗುರುಬಾಯಿಯ ಹತ್ತಿರ ಹೋದೆ. ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ. ಅವಳು ಅರ್ಧದಲ್ಲಿಯೇ ತಡೆದಳು.

"ನನಗ ಹೇಳಬ್ಯಾಡ್ರಿ ಚಿಗವ್ವ. ನಾ ಕದ್ದಿಲ್ಲಂತ ನನಗ ಮೊದಲ ಗೊತ್ತಿತ್ತು. ಅಪ್ಪಗ ಹೇಳ್ರಿ."

ಆಗಲೇ ನನಗೆ ಹೊಳೆದದ್ದು, ಬಂಡೆಯ ಹತ್ತಿರ ಮಾನಪ್ಪ ಇರಲಿಲ್ಲ. ಮಗಳ ಮೂಲೆಮಟ್ಟ ಹೋಗುವುದನ್ನು ನೋಡಲಾರದೆ ಅವನು ಬೆಳಿಗ್ಗೆಯೇ ಕಾರ್ಖಾನೆಗೆ ಹೋಗಿ ಬಾಗಿಲು ಎಳೆದುಕೊಂಡಿದ್ದ. ನಾನು ಹೋದಾಗ ಒಬ್ಬನೇ ಹಲಗೆ ನಯ ಮಾಡುತ್ತಿದ್ದ, ಕಾಲ ಸುತ್ತ ಮರದ ಸುರುಳಿಗಳ ರಾಶಿ. ನನ್ನನ್ನು ಕಂಡು ಎದ್ದು ನಿಂತು, ಸ್ಟೂಲನ್ನು ಪಂಚೆಯ ತುದಿಯಿಂದ ಒರೆಸಿ ಕೊಟ್ಟ. ಮುಗೀತೇನ್ರಿ ಎಂದು ಕೇಳಿದ. ಮಗಳ ಮೂಲೆಮಟ್ಟ ಮಗಳ ಹತ್ತಿರವೇ ಇದೆಯೆಂದೆ. ಊರಲ್ಲಿ ನಡೆದದ್ದನ್ನೆಲ್ಲ ಹೇಳಿದೆ, ಹೊರಸು, ಜರಡಿ, ಕಿಟಕಿಗಳು, ಬಾವಿ, ಬಂಡೆ. ಮೊರ ಯಾರದ್ದೂ ಅಲ್ಲ ಮಾನಪ್ಪಣ್ಣ, ತ್ರಿಕೋನದ ನಡುವೆ ಒಂದು ಅಡ್ಡಗೆರೆ ಹಾದರೆ ಸಾಕು, ಅದು ಬಂದು ನಿಲ್ಲುತ್ತದೆ, ಅಂದು ನಿನ್ನ ಕಿಟಕಿಯಲ್ಲಿ ಬಂದದ್ದೂ ಹಾಗೆಯೇ, ನೋಡದೆ ಹೇಳಿದವಳು ನಾನು ಎಂದೆ.

ಅವನು ಹಲಗೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ. ಬಯ್ಯುತ್ತಾನೆಂದು ಕಾದೆ. ಬಯ್ದಿದ್ದರೆ ಒಳ್ಳೆಯದಿತ್ತು.

"ಹಾಂಗಾದ್ರ ನಾ ಕದ್ದಿರ್ಲಿಲ್ಲೇನ್ರಿ?" ಎಂದು ಕೇಳಿದ.

ಇಲ್ಲ ಎಂದೆ. ಅವನಿಗೆ ನಂಬಿಕೆ ಬರಲಿಲ್ಲವೋ ಏನೋ, ಮತ್ತೊಮ್ಮೆ ಕೇಳಿದ. ಮತ್ತೊಮ್ಮೆ ಹೇಳಿದೆ.

"ಆವತ್ತಿನಿಂದ ನೆನಸಾಕ ಹತ್ತೀನ್ರಿ, ನಾ ಅದನ್ನ ಎಲ್ಲಿ ನೋಡಿದ್ದೆ, ಯಾವಾಗ ಕದ್ದೆ ಅಂತ. ದಿನಾ ಹಲಗಿ ಉಜ್ಜುವಾಗ ಅದನ್ನ ನೆನಸ್ತೀನಿ. ಇಪ್ಪತ್ತೆರಡು ವರ್ಷ ಆತು, ನೆನಪ ಆಗವಲ್ದು."

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವನು ನನ್ನ ಮುಖವನ್ನೇ ನೋಡುತ್ತಾ, ಅಪ್ಪಣೆ ಕೇಳುವವನ ಹಾಗೆ ತುಸು ಬಗ್ಗಿದ.

"ಇನ್ನ ನೆನಸೂದು ಬ್ಯಾಡಲ್ಲೇನ್ರಿ?"

"ಬ್ಯಾಡ ಅಣ್ಣಾ" ಎಂದೆ.